ತಾಳೆಯಾಗದ ಅಳತೆ

ಮೇ ೧೪, ಗುರುವಾರ

ಕಣ್ಣು ಎಳೆಯುತ್ತಿದೆ, ಆದರೂ ಆ ಹುಡುಗಿಯ ಮುಖ ಬಿಡುತ್ತಿಲ್ಲ. ಬೇಸಿಗೆ ರಜೆಯಲ್ಲಿ ಸಂಶೋಧನೆ ಕಲಿಯಲೆಂದು ನಮ್ಮ ಲ್ಯಾಬಿಗೆ ಬಂದಿರುವ ಹೈಸ್ಕೂಲು ಹುಡುಗಿ. ಹೊಸ ಮಿಶ್ರಲೋಹದ ಪಟ್ಟಿಗೆ ಭಾರ ತೂಗುಹಾಕಿ, ಅದು ಎಷ್ಟು ಬಾಗುತ್ತದೆಂದು ವಾರವಿಡೀ ಅಳೆದಳು. ಒಂದು ಅಳತೆಯೂ ಸೂತ್ರದ ಲೆಕ್ಕಕ್ಕಿಂತ ಆಚೀಚೆ ಇಲ್ಲ. ಅನುಮಾನ ಬಂದು ಕೇಳಿದೆ.

"ಪುಸ್ತಕದ ಸೂತ್ರಕ್ಕೆ ತಾಳೆ ಆಗ್ಲಿಲ್ಲ ಮೇಡಂ, ಅದಕ್ಕೇ ಅಂಕಿಗಳನ್ನ ಸರಿ ಮಾಡ್ದೆ. ಸ್ಕೂಲಲ್ಲಿ ಎಲ್ರೂ ಹಾಗೇ ಮಾಡೋದು."

ಸೂತ್ರ ಎಲ್ಲಿ ತಪ್ಪುತ್ತದೆಂದು ತಾನೇ ನಾವು ನೋಡಬೇಕಿದ್ದದ್ದು! ವಾರದ ಕೆಲಸ ನೀರಿನಲ್ಲಿ ಹೋಮ ಮಾಡಿದಂತಾಯಿತು. ರೇಗಲೂ ತ್ರಾಣವಿರಲಿಲ್ಲ, ಇಷ್ಟನ್ನೇ ಅವಳಿಗೆ ಹೇಳಿದೆ.

"ಹಾಗಾದ್ರೆ ಸರಿ ಉತ್ತರ ಎಷ್ಟು?" ಎಂದಳು.

"ನನಗೂ ಗೊತ್ತಿಲ್ಲಮ್ಮ."

"ನಿಮಗೇ ಗೊತ್ತಿಲ್ವಾ?"

ಅವಳ ಕಣ್ಣರಳಿತು. ಹೆಗಲಿಗೇರಿಸಿದ್ದ ಬ್ಯಾಗು ಕೆಳಗಿಟ್ಟು, ಮೊದಲ ಭಾರವನ್ನು ಮತ್ತೆ ತೂಗುಹಾಕಿದಳು. ನನಗೋ ಮನೆ ಸೇರಿದರೆ ಸಾಕಾಗಿತ್ತು. ನಾನು ಹಾಗೆ ಬ್ಯಾಗು ಕೆಳಗಿಟ್ಟು ಎಷ್ಟು ಕಾಲವಾಯಿತೋ...