ನಾನೂರು ವ್ಯಾಟ್ ಎಂದು ಬರೆದ ಚೀಟಿ

ಅಪ್ಪಾ,

ಒಂದೇ ಮನೆಯಲ್ಲಿದ್ದು ಪತ್ರವೇ ಎಂದು ಹುಬ್ಬೇರಿಸಬೇಡಿ. ಗಂಟಲಿನ ಆಪರೇಷನ್ ಆದಮೇಲೆ ನೀವು ಜಗಳವನ್ನೂ ಬರೆದೇ ಆಡುತ್ತೀರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಪ್ಯಾಡ್ ಮಡಚಿ ಮೆಟ್ಟಿಲು ಹತ್ತಿಬಿಡುತ್ತೀರಿ. ಇವತ್ತು ನಾನೂ ಬರೆದೇ ಆಡುತ್ತೇನೆ, ಎದ್ದು ಹೋಗದೆ ಓದಿ.

ಬೆಳಿಗ್ಗೆ ಸುಟ್ಟ ಬಾಲನ್ ಡಬ್ಬಿಯನ್ನು ನನ್ನ ಮುಂದೆ ಕುಕ್ಕಿ, "ನಿನ್ನ ಕೆಲಸ ಗಟ್ಟಿ ಇಲ್ಲ" ಎಂದು ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿರಿ. ಮೈಯೆಲ್ಲ ಉರಿದುಹೋಯಿತು. ಇದು ಮೂರನೆಯದು. ನಿಮ್ಮ ಹ್ಯಾಮ್ ರೇಡಿಯೋದ ಕೇಬಲ್ಲು ಆಂಟೆನಾ ತಂತಿಗೆ ಸೇರುವಲ್ಲಿ ಕೂರುವ ಆ ಡಬ್ಬಿಯೊಳಗಿನ ಫೆರೈಟ್ ಉಂಗುರಕ್ಕೆ ತಂತಿಯ ಒಂದೊಂದು ಸುತ್ತನ್ನೂ ಎಣಿಸಿ ಸುತ್ತಿದವಳು ನಾನು. ಬಿಚ್ಚಿ ನೋಡಿದರೆ ಉಂಗುರ ಕಾದು ಎರಡು ಹೋಳಾಗಿತ್ತು.

"ನಾನೂರು ವ್ಯಾಟ್ ಅಂತ ನೀನೇ ಚೀಟಿ ಅಂಟಿಸಿದೀಯ, ನಾನು ನಾನೂರೇ ಕೊಟ್ಟೆ" ಎಂದು ಇನ್ನೊಂದು ಹಾಳೆ ಬರೆದು ಹರಿದುಕೊಟ್ಟಿರಿ. "ಅಪ್ಪ ಮಗಳು ಸೇರ್ಕೊಂಡು ನನ್ನ ತಲೆ ತಿನ್ಬೇಡಿ" ಎಂದು ಅಮ್ಮ ಹೊರಗೆ ನಡೆದಳು.

ಎಷ್ಟು ಸಲ ಹೇಳಲಿ? ಆ ನಾನೂರು ಮೈಕಿನಲ್ಲಾಡುವ ಮಾತಿನ ಲೆಕ್ಕ. ಮಾತಾಡುವವರು ಉಸಿರೆಳೆಯುತ್ತಾರೆ, ಪದ ಹುಡುಕುತ್ತಾರೆ, ಆ ಸಂದಿನಲ್ಲಿ ಉಂಗುರ ಆರುತ್ತದೆ. ನೀವೀಗ ಮಾತನ್ನು ಟೈಪ್ ಮಾಡಿ ರೇಡಿಯೋದಲ್ಲಿ ಕಳಿಸುತ್ತೀರಿ. ಅದರಲ್ಲಿ ಬೆರಳು ನಿಂತರೂ ಪವರ್ ನಿಲ್ಲುವುದಿಲ್ಲ, ಕಾಲು ಗಂಟೆ ಎಡೆಬಿಡದೆ ನಾನೂರೂ ಹರಿಯುತ್ತದೆ. ಇದನ್ನು ನನಗೆ ಕಲಿಸಿದ ಮೇಷ್ಟ್ರು ನೀವೇ ಮರೆತು ಕೂತರೆ ನಾನು ಯಾರ ಹತ್ತಿರ ಹೇಳಿಕೊಳ್ಳಲಿ?

ಬಂದರಿನ ನಿಮ್ಮ ಹಳೆಯ ರೇಡಿಯೋ ಗೆಳೆಯರು "ನಿನ್ನ ಸಿಗ್ನಲ್ ಸರಿಯಾಗಿ ಕೇಳಿಸ್ತಿಲ್ಲ ಕಣೋ" ಎಂದು ಒಮ್ಮೆ ಬರೆದದ್ದಕ್ಕೆ ನೀವು ಪವರ್ ಗುಂಡಿಯನ್ನು ನಾನೂರರವರೆಗೂ ತಿರುಗಿಸಿದಿರಿ, ಗೊತ್ತು. ಭಾನುವಾರ ರೇಡಿಯೋದಲ್ಲಿ ಸೇರುವ ಆ ಗುಂಪು ಬಿಟ್ಟರೆ ನಿಮಗೆ ಬೇರೆ ಹರಟೆಯಿಲ್ಲ ಎಂಬುದೂ ಗೊತ್ತು. ಡಬ್ಬಿ ಸುಟ್ಟಾಗಲೆಲ್ಲ ನೀವು ವಾರಗಟ್ಟಲೆ ಕಿಟಕಿಯ ಹತ್ತಿರ ಸುಮ್ಮನೆ ಕೂತಿರುತ್ತೀರಿ. ನನಗೆ ಅದನ್ನು ನೋಡಲಾಗುವುದಿಲ್ಲ.

ಆದರೆ ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಎರಡನೆಯ ಡಬ್ಬಿಗೇ "ಟೈಪಿಂಗಿಗೆ ನೂರು ಮಾತ್ರ" ಎಂದು ಬರೆಯಬೇಕಿತ್ತು. ಪೆನ್ನು ಹಿಡಿದೆ, ಕೈ ಬರಲಿಲ್ಲ. ಹಾಗೆ ಬರೆದರೆ ನಿಮ್ಮ ಧ್ವನಿ ಇನ್ನು ಬರುವುದಿಲ್ಲವೆಂದು ನಾನೇ ಒಪ್ಪಿಕೊಂಡಂತೆ. ಮೈಕ್ ಹಿಡಿದು "ಏನಯ್ಯಾ, ಬದುಕಿದೀಯೋ?" ಎಂದು ಮನೆಯೆಲ್ಲ ಅದುರುವಂತೆ ಕೂಗುತ್ತಿದ್ದ ಅಪ್ಪನಿಗೆಂದೇ ಮತ್ತೆ ನಾನೂರು ಬರೆದೆ. ಮೂರನೆಯದಕ್ಕೂ ಅದನ್ನೇ ಬರೆದೆ. ನನ್ನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ನಾಲ್ಕನೆಯದನ್ನು ಈ ಪತ್ರದ ಪಕ್ಕದಲ್ಲೇ ಇಟ್ಟಿದ್ದೇನೆ. ನಾಳೆ ನಾನೇ ಆಂಟೆನಾ ಕಂಬ ಹತ್ತಿ ಕಟ್ಟುತ್ತೇನೆ. ಚೀಟಿ ನೋಡಿ, ಈ ಸಲ ನೂರು ಎಂದೇ ಬರೆದಿದ್ದೇನೆ. ಗೆಳೆಯರಿಗೆ ಸರಿಯಾಗಿ ಕೇಳಿಸದಿದ್ದರೆ ಕಿವಿಗೊಟ್ಟು ಕೇಳಲಿ.

ನಿಮ್ಮ ಬೆರಳುಗಳು ನೂರು ಕಾಲ ಹರಟುತ್ತಿರಲಿ. ಗುಂಡಿ ಮಾತ್ರ ಮುಟ್ಟಬೇಡಿ.

ಕೆಳಗಿನ ಕೋಣೆಯಿಂದ,
ನಿಮ್ಮ ಮಗಳು