ಪೂರ್ತಿ ಅಂಕ ಪಡೆದ ಕತ್ತರಿ

ಅಕ್ಕಾ,

ಇಲ್ಲಿ ಆಸ್ಪತ್ರೆಯ ನರ್ಸ್‌ಗಳಿಗೆ ಅಪಘಾತದ ಗಾಯಾಳುಗಳನ್ನು ನೋಡಿಕೊಳ್ಳೋದು ಎಷ್ಟು ಬರುತ್ತೆ ಅಂತ ಪರೀಕ್ಷೆ ಶುರು ಮಾಡಿದೆ. ಪರೀಕ್ಷೆಗೆ ತಂದ ಗೊಂಬೆಯ ಕತ್ತು ದಾರಿಯಲ್ಲೇ ಮುರಿದಿತ್ತು, ಹಾಗಾಗಿ ಗಾಯಾಳುವಾಗಿ ನಾನೇ ಮಲಗಿದೆ. ಮೊದಲು ಬಂದ ನರ್ಸ್, "ಅಲ್ಲಾಡಬೇಡಿ ಸರ್, ಗಾಯ ಎಲ್ಲೆಲ್ಲಿದೆ ನೋಡ್ಬೇಕು" ಅಂದವಳೇ, ನೀನು ಹೊಲಿದುಕೊಟ್ಟ ಹೊಸ ಪ್ಯಾಂಟನ್ನು ಪಾದದಿಂದ ತೊಡೆಯವರೆಗೆ ಕತ್ತರಿಸಿಬಿಟ್ಟಳು. ನಿಯಮ ಇರೋದೇ ಹಾಗೆ, ಬರೆದವನೂ ನಾನೇ. ನಿನ್ನ ಡಬಲ್ ಹೊಲಿಗೆಗೆ ಕತ್ತರಿ ಸಿಕ್ಕಿಕೊಂಡಾಗ, "ಯಾರಪ್ಪಾ ಇದನ್ನ ಹೊಲಿದಿದ್ದು" ಅಂತ ಗೊಣಗಿದಳು. ಹಲ್ಲು ಕಚ್ಚಿಕೊಂಡು ಪೂರ್ತಿ ಅಂಕ ಕೊಟ್ಟೆ.

ಮೈಗೆ ಒಂದು ಗೀರೂ ಆಗಿಲ್ಲ, ಊಟವೂ ಸೇರ್ತಿದೆ. ಇನ್ನೂ ಹನ್ನೊಂದು ಜನ ನರ್ಸ್‌ಗಳು ಬಾಕಿ. ಭಾವನ ಪೈಜಾಮ ತಪ್ಪಿ ನನ್ನ ಬ್ಯಾಗಿಗೆ ಬಂದಿದೆ, ನಾಳೆ ಅದರ ಸರದಿ. ಅವರು ಹುಡುಕಿದರೆ ಹುಡುಕಲಿ ಬಿಡು.

ಕಾರ್ಡು ತುಂಬಿತು.
ನಿನ್ನ ತಮ್ಮ