ಎದುರುತ್ತರದ ಪಾಠ

ಅತ್ತೆಗೆ ನಮಸ್ಕಾರ.

ವಿದೇಶಕ್ಕೆ ಓದಲು ಹೊರಟವರಿಗೆ ಈ ಊರಿನ ಇಂಗ್ಲಿಷ್ ತರಗತಿಯಲ್ಲೊಂದು ವಿಚಿತ್ರ ಪಾಠ: ಓದಿದ್ದನ್ನೆಲ್ಲ ಒಪ್ಪಿಬಿಡಬಾರದು, ಕಾರಣ ಕೊಟ್ಟು ಎದುರಾಡಬೇಕು. ಎಲ್ಲ ಬಾಣಂತಿಯರನ್ನೂ ಹೆರಿಗೆಯಾದ ಆರೇ ಗಂಟೆಯಲ್ಲಿ ಮನೆಗೆ ಕಳಿಸಬಹುದು ಎಂದಿತ್ತು ನಿನ್ನೆಯ ಲೇಖನ. ತರಗತಿಯೆಲ್ಲ ತಲೆಯಾಡಿಸಿತು. ಹದಿನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದ ನಾನು ಸುಮ್ಮನಿರಲೇ? ಎದ್ದು ನಿಂತೆ. ವ್ಯಾಕರಣ ಎರಡು ಕಡೆ ಮುಗ್ಗರಿಸಿತು. ಆದರೂ ಮೊದಲ ದಿನದ ರಕ್ತಸ್ರಾವದ ಅಪಾಯವನ್ನು ಇಂಗ್ಲಿಷಿನಲ್ಲೇ ಬಿಡಿಸಿ ಹೇಳಿದೆ. ಮೇಷ್ಟ್ರು ಬೋರ್ಡಿನ ಪೆನ್ನನ್ನು ನನ್ನ ಕೈಗಿಟ್ಟು, "ಬನ್ನಿ ಸಿಸ್ಟರ್, ಇವತ್ತು ನೀವೇ ಪಾಠ ಮಾಡಿ" ಎಂದು ಹಿಂದಿನ ಬೆಂಚಿಗೆ ಹೋಗಿ ಕೂತರು! ಅಡುಗೆಮನೆಯಲ್ಲಿ ನಿಮ್ಮ ಜೊತೆ ವಾದ ಮಾಡಿದ್ದು ದಂಡವಾಗಲಿಲ್ಲ ನೋಡಿ.

ನನ್ನ ಕೆಮ್ಮು ಬಿಟ್ಟಿದೆ. ಸೋಮವಾರದ ಇಂಗ್ಲಿಷ್ ಪರೀಕ್ಷೆಯ ಮೇಲೆ ವಿದೇಶದ ಕಾಲೇಜಿನ ನನ್ನ ಸೀಟು ನಿಂತಿದೆ. ಪಾಸಾಗುತ್ತೇನೆ, ನನ್ನ ಮಗಳಿಗೆ ಈಗಲೇ ಹೇಳಿಬಿಡಿ. ಅಂಚೆಯವರು ಡಬ್ಬಿ ತೆರೆಯುತ್ತಿದ್ದಾರೆ, ಓಡಿದೆ.

ನಿಮ್ಮ ಸೊಸೆ